ಮಲೆನಾಡಿನ ಮನೆಯೂ ದೂರದ ಯಜಮಾನನೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಗೃಹಸ್ಥರಿಲ್ಲ. ಕಟ್ಟಿದ ಮನೆಯನ್ನು ಬಿಟ್ಟು ದೂರ ಹೋಗಿ ನೋಡು ಎಂಬ ಮೂರನೆಯ ಮಾತೊಂದನ್ನು ನಮ್ಮ ಹಿರಿಯರು ಅದಕ್ಕೆ ಏಕೆ ಸೇರಿಸಲಿಲ್ಲವೋ ಎಂದು ನಮಗೆ ಅನೇಕ ಸಲ ಅನ್ನಿಸಿದೆ. ಪ್ರಾಯಶಃ ಅವರ ಕಾಲದಲ್ಲಿ ಮನೆ ಬಿಟ್ಟು ಹೋಗುವವರು ವಿರಳರಾಗಿದ್ದರು. ಇಂದು ಹಾಗಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಯಾವ ಪೇಟೆಯಲ್ಲಿ, ಯಾವ ಹಳ್ಳಿಯಲ್ಲಿ ನಡೆದು ಹೋದರೂ ಬೀಗ ಬಿದ್ದ ಮನೆಗಳು ಕಣ್ಣಿಗೆ ಬೀಳುತ್ತವೆ. ಅಂಗಳದಲ್ಲಿ ಮೊಣಕಾಲೆತ್ತರದ ಹುಲ್ಲು. ಜಗಲಿಯ ಮೇಲೆ ಯಾರೋ ಇಟ್ಟುಹೋದ ಮುರುಕು ಕುರ್ಚಿ. ಮಾಡಿನಲ್ಲಿ ನಾಲ್ಕಾರು ಹೆಂಚು ಜಾರಿದ ಕರಿಯ ಕಿಂಡಿ. ಒಡೆಯರೆಲ್ಲಿ ಎಂದು ಕೇಳಿದರೆ ನೆರೆಯವರು ಬೆಂಗಳೂರು, ಪುಣೆ, ಅಮೆರಿಕ ಎಂದು ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಾರೆ.

ಹೋದವರನ್ನು ದೂಷಿಸಲು ನಾವು ಹೊರಟಿಲ್ಲ. ಈ ಸೀಮೆಯ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ತಗುಲಿ ಹಲವು ದಶಕಗಳಾದವು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಅದರ ಜೊತೆಗೂಡಿದೆ. ಮಕ್ಕಳು ಓದಿ ನೌಕರಿ ಹಿಡಿದು ಹೊರಗೆ ನಿಂತರೆ ಅದು ಸಹಜವೇ. ನಾವೇ ಹನ್ನೊಂದನೆಯ ವಯಸ್ಸಿಗೆ ಮಠದ ಪಾಠಶಾಲೆಗೆ ಸೇರಿ, ಅನಂತರ ಅಧ್ಯಾಪನ ವೃತ್ತಿಗೆಂದು ಧಾರವಾಡಕ್ಕೆ ಹೋಗಿ, ಅಲ್ಲಿಯೇ ನೆಲೆನಿಂತವರು. ಆದ್ದರಿಂದ ಈ ಬರಹವನ್ನು ಊರು ಬಿಟ್ಟವರಲ್ಲಿ ಒಬ್ಬರಾಗಿಯೇ ಬರೆಯುತ್ತಿದ್ದೇವೆ. ಬಿಟ್ಟು ಹೋದ ಮನೆಯನ್ನು ಮಾರದೆ, ಬೀಗ ಹಾಕಿ ಕೆಡಿಸದೆ, ಬಾಡಿಗೆಗೆ ಕೊಟ್ಟು ದೂರದಿಂದಲೇ ನಾವಾಗಿ ನಡೆಸಿಕೊಂಡು ಹೋಗಲು ಸಾಧ್ಯವೇ ಎಂಬುದು ಪ್ರಶ್ನೆ. ಸಾಧ್ಯವೆಂದು ಹೇಳುವ ಅಧಿಕಾರ ನಮಗೆ ಎರಡು ಪೆಟ್ಟು ತಿಂದ ಮೇಲೆ ಬಂದಿತು.

ನಮ್ಮ ಮನೆ ಇರುವುದು ನರಸಿಂಹರಾಜಪುರದಲ್ಲಿ. ನಮ್ಮ ಬಾಲ್ಯದಲ್ಲಿ ಮುದುಕರು ಆ ಊರನ್ನು ಅದರ ಹಿಂದಿನ ಹೆಸರಿನಿಂದ ಎಡೆಹಳ್ಳಿಯೆಂದೇ ಕರೆಯುತ್ತಿದ್ದರು. ತೀರ್ಥರೂಪರು ಶಾಲಾ ಉಪಾಧ್ಯಾಯರಾಗಿದ್ದು, ಸಂಬಳದಲ್ಲಿ ಉಳಿಸಿದ ಹಣದಿಂದ ನಾಲ್ಕು ಅಂಕಣದ ಹೆಂಚಿನ ಮನೆಯೊಂದನ್ನು ಕಟ್ಟಿಸಿದರು. ತಾಯಿಯವರು 2009ರಲ್ಲಿ ಲಿಂಗೈಕ್ಯರಾದ ಮೇಲೆ ಮನೆ ನಮಗೆ, ಪುಣೆಯಲ್ಲಿರುವ ತಮ್ಮನಿಗೆ, ಕೊಪ್ಪದಲ್ಲಿರುವ ತಂಗಿಗೆ ಸಮನಾಗಿ ಬಂದಿತು. ಮೂವರೂ ಕೂಡಿ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ತಂಗಿಯ ಮನೆಯಲ್ಲಿರಿಸಿ, ಮುಂದಿನ ವರ್ಷ ನೋಡೋಣವೆಂದು ಹೊರಟೆವು.

ಬಾಡಿಗೆಗೆ ಕೊಡುವ ಮಾತು ಆಗಲೇ ಬಂದಿತ್ತು. ಬೇಡವೆಂದವರು ನಮ್ಮ ಸೋದರಮಾವನವರು. "ಕೊಟ್ಟವನು ಕೆಟ್ಟ, ಇಟ್ಟುಕೊಂಡವನು ಬದುಕಿದ. ಎಪ್ಪತ್ನಾಲ್ಕನೇ ಇಸವಿ ಮರೆತಿರೇನಪ್ಪಾ?" ಎಂದು ಅವರು ಕೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ. ಮಲೆನಾಡಿನ ಹಿರಿಯರ ಮನಸ್ಸಿನಲ್ಲಿ ಈ ಭಯ ಬಲವಾಗಿ ಬೇರೂರಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಭೂಸುಧಾರಣಾ ಕಾನೂನಿಗೆ ದೇವರಾಜ ಅರಸರ ಸರಕಾರ ತಂದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಗೆ ಕೊಟ್ಟ ಸಾಗುವಳಿ ಭೂಮಿ ಸರಕಾರಕ್ಕೆ ಸೇರಿ, 7ನೆಯ ನಮೂನೆಯಲ್ಲಿ ಅರ್ಜಿ ಹಾಕಿದ ಗೇಣಿದಾರನಿಗೆ ಭೂನ್ಯಾಯ ಮಂಡಳಿಯ ಮೂಲಕ ಒಡೆತನ ದೊರೆಯಿತು. ತಲೆಮಾರುಗಳಿಂದ ಉತ್ತವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ ಎಂದು ನಾವು ನಂಬಿದ್ದೇವೆ. ದೂರ ಕುಳಿತು ಗೇಣಿ ಅಕ್ಕಿಯನ್ನು ಮಾತ್ರ ಎದುರು ನೋಡುತ್ತಿದ್ದ ಮನೆತನಗಳಿಗೆ ಅದು ದೊಡ್ಡ ಪೆಟ್ಟಾದದ್ದೂ ನಿಜ. ಆದರೆ ಆ ಕಾನೂನು ಸಾಗುವಳಿಯ ಭೂಮಿಗೆ ಸಂಬಂಧಿಸಿದ್ದು. ಪೇಟೆಯ ವಾಸದ ಮನೆಗೂ ಅದಕ್ಕೂ ಸಂಬಂಧವಿಲ್ಲ. ಬಾಡಿಗೆಗೆಂದು ಒಳಬಂದವನು ಎಷ್ಟು ವರ್ಷ ವಾಸವಿದ್ದರೂ ಆ ವಾಸದ ಬಲವೊಂದರಿಂದಲೇ ಒಡೆಯನಾಗಲಾರನು. ಒಡೆಯನ ಹಕ್ಕನ್ನೇ ಅಲ್ಲಗಳೆದು, ಎಲ್ಲರಿಗೂ ಕಾಣುವಂತೆ, 12 ವರ್ಷ ಎಡೆಬಿಡದೆ ಅನುಭವಿಸಿದವನು ಮಾತ್ರ ಬೇರೆ ಬಗೆಯ ವಾದ ಹೂಡಬಲ್ಲನು. ಅಂಥ ವಾದಕ್ಕೆ ಎಡೆಗೊಡದಿರಲು ಬೇಕಾದದ್ದು ಆತನು ಬಾಡಿಗೆಗೆಂದೇ ಬಂದನೆಂಬ ಕಾಗದ. ವಿಚಿತ್ರವೇನೆಂದರೆ, ಈ ಭಯವುಳ್ಳವರೇ ಕಾಗದ ಮಾಡಿಸದೆ ಗುರುತಿನವರೆಂದು ಬಾಯಿಮಾತಿನಲ್ಲಿ ಮನೆ ಒಪ್ಪಿಸಿಬಿಡುತ್ತಾರೆ. ಪೂರ್ವಕಾಲದ ಭಯ ಮನೆಗೆ ಬೀಗ ಹಾಕಿಸುತ್ತದೆ, ಪೂರ್ವಕಾಲದ ದಾಕ್ಷಿಣ್ಯ ಕಾಗದವನ್ನು ತಪ್ಪಿಸುತ್ತದೆ.

ಬೀಗ ಹಾಕಿದ ಮನೆಯನ್ನು ಎರಡು ಮಳೆಗಾಲ ಕಳೆದ ಮೇಲೆ, 2011ರ ಚಳಿಗಾಲದಲ್ಲಿ ತೆರೆದೆವು. ಬಾಗಿಲು ಹಿಗ್ಗಿ ಕೂತಿದ್ದರಿಂದ ಹೆಗಲು ಕೊಟ್ಟು ತಳ್ಳಬೇಕಾಯಿತು. ಒಳಗೆ ಕತ್ತಲೆ, ಕಮಟು ವಾಸನೆ. ಮರದ ಕೊಂಬೆ ಬಡಿದು ಐದಾರು ಹೆಂಚು ಒಡೆದ ಜಾಗದಿಂದ ನೀರು ಇಳಿದು, ರೀಪು ಕೊಳೆತು, ಒಂದು ಪಕಾಸಿ ಮುರಿದು ಬಿದ್ದಿತ್ತು. ಪಡುವಣ ಗೋಡೆಗೆ ಇರಚಲು ಹೊಡೆದು ಗಾರೆ ಎದ್ದಿತ್ತು. ಒರಲೆಯು ಬಾಗಿಲ ಚೌಕಟ್ಟಿನಿಂದ ಹತ್ತಿ ತೀರ್ಥರೂಪರ ಪುಸ್ತಕದ ಪೆಟ್ಟಿಗೆಯನ್ನು ತಳದಿಂದ ತಿಂದು ಮುಗಿಸಿತ್ತು. ಮುಚ್ಚಳ ಎತ್ತಿದರೆ ಮೇಲಿನ ಎರಡು ಪುಸ್ತಕ ಪುಸ್ತಕದಂತೆ ಕಂಡವು, ಅದರ ಕೆಳಗೆ ಬರಿಯ ಮಣ್ಣು. ತಂಗಿ ಮಾತಾಡದೆ ಬಚ್ಚಲುಮನೆಗೆ ಹೋಗಿ ಹಂಡೆಯ ಒಲೆಗೆ ಬೆಂಕಿ ಹಾಕಿದಳು. ನೀರು ಕಾಯಿಸಲಿಕ್ಕಲ್ಲ, ಮನೆಯೊಳಗೆ ಹೊಗೆಯಾಡಲಿ ಎಂದು.

ಮಲೆನಾಡಿನಲ್ಲಿ ಮನೆಗೆ ವೈರಿ ಬಾಡಿಗೆದಾರನಲ್ಲ, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಸುರಿಯುವ ಸೀಮೆಯಲ್ಲಿ ಒಲೆ ಉರಿಯದ ಮನೆ ನಿಲ್ಲುವುದಿಲ್ಲ. ದಿನವೂ ಹೊಗೆ ಹಿಡಿದ ಮರಕ್ಕೆ ಹುಳು ಹತ್ತುವುದು ಕಡಿಮೆ. ದಿನವೂ ಗುಡಿಸುವ ನೆಲದ ಮೇಲೆ ಒರಲೆಯ ಗೆರೆ ಕಂಡ ಕೂಡಲೆ ಅಳಿಸಿಹೋಗುತ್ತದೆ. ತಲೆಯ ಮೇಲೆ ಹನಿ ಬಿದ್ದವನು ಹೆಂಚು ಸರಿಮಾಡದೆ ಮಲಗಲಾರನು. ಇದನ್ನು ಕಣ್ಣಾರೆ ಕಂಡ ಮೇಲೆ ಬಾಡಿಗೆ ಎಂಬ ಶಬ್ದದ ಅರ್ಥವೇ ನಮಗೆ ಬದಲಾಯಿತು. ಬಾಡಿಗೆದಾರನು ನಮಗೆ ಹಣ ಕೊಡುವವನು ಎಂಬುದಕ್ಕಿಂತ ನಮ್ಮ ಪರವಾಗಿ ಆ ಮನೆಯಲ್ಲಿ ಒಲೆ ಉರಿಸುವವನು.

ಮನೆ ರಿಪೇರಿಯಾಯಿತು. ಆದರೆ ಧಾರವಾಡದಿಂದ ಶಿವಮೊಗ್ಗಕ್ಕೆ ಬಂದು ಬಸ್ಸು ಬದಲಿಸಿ ತಿಂಗಳು ತಿಂಗಳು ಓಡಾಡುವುದಾಗದೆಂದು, ಊರಿನ ಪರಿಚಿತರೊಬ್ಬರಿಗೆ ನೋಡಿಕೊಳ್ಳಲು ಒಪ್ಪಿಸಿದೆವು. ಅವರು ಬಾಡಿಗೆ ವಸೂಲು ಮಾಡಿ ತಮ್ಮ ಶ್ರಮಕ್ಕೆ ಹತ್ತರಲ್ಲಿ ಒಂದು ಪಾಲು ಹಿಡಿದು ಉಳಿದದ್ದನ್ನು ಕಳಿಸುವ ಮಾತಾಯಿತು. ಹಣ ಬರುತ್ತಿತ್ತು, ನಾವು ನಿಶ್ಚಿಂತರಾಗಿದ್ದೆವು. ಒಂದು ದಿನ ಮೆಸ್ಕಾಂ ಕಚೇರಿಯಿಂದ ತೀರ್ಥರೂಪರ ಹೆಸರಿಗೆ ಬಾಕಿಯ ನೋಟೀಸು ಬಂದಿದೆಯೆಂದು ನೆರೆಯವರೊಬ್ಬರು ಫೋನ್ ಮಾಡಿದರು. ಹದಿನಾಲ್ಕು ತಿಂಗಳ ಕರೆಂಟ್ ಬಿಲ್ಲು ನಿಂತಿತ್ತು. ಹೋಗಿ ನೋಡಿದರೆ ನಮಗೆ ತಿಳಿಸಿದ್ದ ಕುಟುಂಬ ಅಲ್ಲಿರಲೇ ಇಲ್ಲ. ಬೇರೆ ಇಬ್ಬರು ಇದ್ದರು. ಅವರು ಕೊಡುತ್ತಿದ್ದ ಬಾಡಿಗೆ ನಮಗೆ ತಿಳಿಸಿದ್ದಕ್ಕಿಂತ ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು. ಅಟ್ಟದ ಮೇಲಿದ್ದ ಹಲಸಿನ ಹಲಗೆಗಳು ಹಲಗೆಗಳಾಗಿ ಉಳಿದಿರಲಿಲ್ಲ.

ಆ ಮಹನೀಯರ ಮೇಲೆ ನಮಗೆ ಈಗ ಕೋಪವಿಲ್ಲ. ತಪ್ಪು ನಮ್ಮದೂ ಹೌದು. ವಸೂಲಿಯಲ್ಲಿ ಪಾಲುಳ್ಳವನ ಕಣ್ಣು ವಸೂಲಿಯ ಮೇಲಿರುತ್ತದೆಯೇ ಹೊರತು ಮಾಡಿನ ಮೇಲಲ್ಲ. ಮಠದ ಉಗ್ರಾಣದಲ್ಲಿ ನಾವು ಬಾಲ್ಯದಲ್ಲಿ ಕಂಡ ಪದ್ಧತಿ ಇದಕ್ಕೆ ಪೂರಾ ವಿರುದ್ಧವಾಗಿತ್ತು: ಅಕ್ಕಿ ಅಳೆಯುವವರು ಒಬ್ಬರು, ಬರೆಯುವವರು ಇನ್ನೊಬ್ಬರು, ಬೀಗದ ಕೈ ಮೂರನೆಯವರ ಸೊಂಟದಲ್ಲಿ. ಇದೇ ಸೀಮೆಯ ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ, ಡಾ. ಎ.ಕೆ. ಶಾಸ್ತ್ರಿಯವರು ಅವುಗಳನ್ನು ಪರಿಶೋಧಿಸಿ ಪ್ರಕಟಿಸಿದ್ದಾರೆ. ಮಸಿ ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದು ಶತಮಾನಗಳ ವ್ಯವಹಾರವನ್ನು ಉಳಿಸಿಕೊಂಡ ನಾಡಿನಲ್ಲಿ ಹುಟ್ಟಿ, ನಾಲ್ಕು ಅಂಕಣದ ಮನೆಯ ಲೆಕ್ಕವನ್ನು ಬಾಯಿಮಾತಿಗೆ ಬಿಟ್ಟೆವಲ್ಲ ಎಂದು ನಾಚಿಕೆಯಾಯಿತು.

2013ರಿಂದ ಮನೆಯನ್ನು ನಾವೇ ನಡೆಸತೊಡಗಿದೆವು. ಮೊದಲ ಕೆಲಸವಾಗಿ ತಮ್ಮನೂ ತಂಗಿಯೂ ನಮ್ಮ ಹೆಸರಿಗೆ ಅಧಿಕಾರಪತ್ರ ಬರೆದುಕೊಟ್ಟರು. ಬಾಡಿಗೆಗೆ ಕೊಡುವುದು, ಬಿಡಿಸುವುದು, ರಿಪೇರಿ ಮಾಡಿಸುವುದು, ಕಂದಾಯ ಕಟ್ಟುವುದು, ಬೇಕಾದರೆ ನ್ಯಾಯಾಲಯಕ್ಕೆ ಹೋಗುವುದು ಇಷ್ಟನ್ನೇ ಅದರಲ್ಲಿ ಬರೆಸಿದೆವು. ಮಾರುವ, ಅಡವಿಡುವ ಅಧಿಕಾರವನ್ನು ಸೇರಿಸಬಾರದೆಂದು ಹಟ ಹಿಡಿದವರು ನಾವೇ. ಒಡಹುಟ್ಟಿದವರಲ್ಲಿ ಇಷ್ಟು ಸಂಶಯವೇ ಎಂದು ತಮ್ಮ ನಕ್ಕನು. ಸಂಶಯವಲ್ಲ, ನಾಳೆ ನಮ್ಮ ಮಕ್ಕಳು ಆ ಕಾಗದ ಓದಿದಾಗ ಸಂಶಯ ಹುಟ್ಟಬಾರದೆಂದು.

ಬಾಡಿಗೆ ಕರಾರಿನ ವಿಷಯದಲ್ಲಿ ವಾಚಕರಿಗೆ ಉಪಯೋಗವಾಗಬಹುದಾದ ಕೆಲವು ಸಂಗತಿಗಳಿವೆ. ಹನ್ನೊಂದು ತಿಂಗಳಿಗೆ ಕರಾರು ಬರೆಯುವ ರೂಢಿ ಎಲ್ಲೆಡೆ ಇದೆ. ಏಕೆಂಬುದು ಹಲವರಿಗೆ ತಿಳಿಯದು. ಒಂದು ವರ್ಷಕ್ಕೆ ಮೀರಿದ ಅವಧಿಗೆ ಬರೆದ ಕರಾರನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾನೂನೂ 1908ರ ನೋಂದಣಿ ಕಾನೂನೂ ವಿಧಿಸುತ್ತವೆ. ತಿಂಗಳಿಗೆ ಇಷ್ಟು ಎನ್ನದೆ ವರ್ಷಕ್ಕೆ ಇಷ್ಟು ಬಾಡಿಗೆ ಎಂದು ಬರೆದರೂ ಅದೇ ನಿಯಮ. ದೂರದಲ್ಲಿರುವವರಿಗೆ ಹನ್ನೊಂದು ತಿಂಗಳ ಕರಾರಿನಿಂದ ಇನ್ನೊಂದು ಪ್ರಯೋಜನವಿದೆ. ವರ್ಷಕ್ಕೊಮ್ಮೆಯಾದರೂ ಊರಿಗೆ ಹೋಗಲೇಬೇಕಾಗುತ್ತದೆ. ನಾವು ಅದನ್ನು ಮೇ ತಿಂಗಳಿಗೆ ಬರುವಂತೆ ಹೊಂದಿಸಿಕೊಂಡಿದ್ದೇವೆ. ಮಳೆಗೆ ಮುಂಚೆ ಹೆಂಚು ಕೈಯಾಡಿಸುವ ಕಾಲವದು.

ಅದೇ 1882ರ ಕಾನೂನಿನ 108ನೆಯ ಪ್ರಕರಣವನ್ನು ಪ್ರತಿಯೊಬ್ಬ ಮನೆಯೊಡೆಯನೂ ಒಮ್ಮೆ ಯಾರಿಂದಲಾದರೂ ಓದಿಸಿ ಕೇಳಬೇಕು. ಕರಾರಿನಲ್ಲಿ ಬೇಡವೆಂದು ಬರೆಯದಿದ್ದರೆ ಬಾಡಿಗೆದಾರನು ಮನೆಯನ್ನು ಮತ್ತೊಬ್ಬರಿಗೆ ಒಳಬಾಡಿಗೆಗೆ ಕೊಡಬಹುದೆಂದು ಅದರಲ್ಲಿದೆ. ನಾವು ಇದನ್ನು ತಿಳಿದಾಗ ಬೆಚ್ಚಿದೆವು. ಒಡೆಯನು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂಬುದೂ ಅಲ್ಲಿಯೇ ಇದೆ. ಮೊದಲನೆಯದನ್ನು ನಮ್ಮ ಕರಾರಿನಲ್ಲಿ ನಿಷೇಧಿಸಿದೆವು. ಎರಡನೆಯದನ್ನು ಇನ್ನಷ್ಟು ಸಡಿಲಿಸಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಮಾಡು, ಗೋಡೆ, ಕರೆಂಟ್ ತಂತಿ, ಬಾವಿಯ ಪಂಪು ಇವುಗಳಿಗೆ ತೊಂದರೆಯಾದರೆ 5,000 ರೂಪಾಯಿಯವರೆಗೆ ನಮ್ಮನ್ನು ಕೇಳದೆಯೇ ಖರ್ಚು ಮಾಡಿ, ಚೀಟಿ ಇಟ್ಟುಕೊಂಡು, ಮುಂದಿನ ಬಾಡಿಗೆಯಲ್ಲಿ ಮುರಿದುಕೊಳ್ಳತಕ್ಕದ್ದು ಎಂದು ಸ್ಪಷ್ಟವಾಗಿ ಬರೆಸಿದೆವು. ಪತ್ರ ಬರೆದ ವಕೀಲರು, "ಶಾಸ್ತ್ರಿಗಳೇ, ಇದು ಬಾಡಿಗೆದಾರನಿಗೆ ಖಜಾನೆಯ ಬೀಗದ ಕೈ ಕೊಟ್ಟಂತೆ" ಎಂದರು. ನಾವು ಬದಲಾಯಿಸಲಿಲ್ಲ.

ಆ ವಾಕ್ಯದ ಬೆಲೆ 2019ರ ಆಗಸ್ಟ್‌ನಲ್ಲಿ ತಿಳಿಯಿತು. ಆ ತಿಂಗಳ ಮಳೆಯನ್ನು ಚಿಕ್ಕಮಗಳೂರು ಜಿಲ್ಲೆಯವರು ಮರೆಯಲಾರರು. ಗುಡ್ಡಗಳು ಜರಿದವು, ರಸ್ತೆಗಳು ಕಡಿದವು. ನಾವು ಧಾರವಾಡದಲ್ಲಿ ಕುಳಿತು ಮನೆಗೆ ಫೋನ್ ಹಚ್ಚಿದರೆ ಗಂಟೆಯೇ ಹೋಗುತ್ತಿರಲಿಲ್ಲ. ಕೊಪ್ಪದಲ್ಲಿದ್ದ ತಂಗಿಗೂ ಸಂಪರ್ಕವಿಲ್ಲ. ಮೂರು ದಿನ ಹೀಗೆ ಕಳೆದವು. ನಾಲ್ಕನೆಯ ದಿನ ಬಾಡಿಗೆಗಿದ್ದ ಮೇಷ್ಟರು, ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುವ ತರುಣರು, ಎಲ್ಲಿಯೋ ಗುಡ್ಡದ ಮೇಲೆ ನಿಂತು ಮಾತಾಡಿದರು:

"ಶಾಸ್ತ್ರಿಗಳೇ, ನಮಸ್ಕಾರ. ಹಿಂದಿನ ನೇರಳೆ ಮರದ ಕೊಂಬೆ ಅಡಿಗೆಮನೆ ಮೇಲೆ ಬಿತ್ತು. ಅವತ್ತು ರಾತ್ರಿಯೇ ಟಾರ್ಪಾಲು ಹಾಕಿಸಿದೆ. ಮರುದಿನ ಕೆಲಸದವರು ಸಿಕ್ಕಿದರು. ನಲವತ್ತು ಹೆಂಚು, ಎರಡು ರೀಪು ಹಾಕಿಸಿದ್ದೇನೆ. ಮೂರು ಸಾವಿರದ ಎಂಟುನೂರು ಆಯಿತು. ನಿಮ್ಮನ್ನು ಕೇಳಲಾಗಲಿಲ್ಲ."

"ಕೇಳಬೇಕಾಗಿಯೇ ಇಲ್ಲ ಮೇಷ್ಟ್ರೇ. ಮಕ್ಕಳು ಕ್ಷೇಮವೇ?" ಎಂದೆವು.

ಆ ಮೂರು ದಿನ ಅವರು ನಮ್ಮ ಅಪ್ಪಣೆಗಾಗಿ ಕಾದಿದ್ದರೆ ಅಡಿಗೆಮನೆಯ ಗೋಡೆಯೇ ಕುಳಿತುಬಿಡುತ್ತಿತ್ತು. ದೂರದ ಯಜಮಾನಿಕೆಯ ಮರ್ಮವೆಲ್ಲ ಇದರಲ್ಲಿದೆಯೆಂದು ನಮಗೆ ಅನ್ನಿಸುತ್ತದೆ. ಫೋನ್ ಇದೆ, ಕ್ಷಣಾರ್ಧದಲ್ಲಿ ಹಣ ಕಳಿಸುವ ಯುಪಿಐ ಇದೆ, ಚಿತ್ರ ತೆಗೆದು ಕಳಿಸುವ ವಾಟ್ಸಾಪ್ ಇದೆ. ಆದರೆ ಮನೆಗೆ ಅಪಾಯ ಬರುವ ದಿನವೇ ಮಲೆನಾಡಿನಲ್ಲಿ ಇವೆಲ್ಲ ಕೈಬಿಡುತ್ತವೆ. ಆ ದಿನಕ್ಕೆ ಬೇಕಾದ ಅಪ್ಪಣೆಯನ್ನು ಮೊದಲೇ ಕಾಗದದ ಮೇಲೆ ಕೊಟ್ಟಿರಬೇಕು, ಅದನ್ನು ನಡೆಸುವ ಮನಸ್ಸುಳ್ಳವರು ಒಳಗಿರಬೇಕು.

ಮನಸ್ಸು ಎಂಬ ಮಾತು ಬಂದದ್ದರಿಂದ ಮುಂದಿನ ವರ್ಷದ ಕಥೆಯನ್ನೂ ಹೇಳಿಬಿಡುತ್ತೇವೆ. 2020ರ ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದವು. ಮೇಷ್ಟರ ಸಂಬಳ ಮೊದಲು ಅರ್ಧವಾಯಿತು, ಆಮೇಲೆ ನಿಂತಿತು. ಜೂನ್ ತಿಂಗಳಲ್ಲಿ ಅವರು ಪತ್ರ ಬರೆದರು. ಫೋನ್‌ನಲ್ಲಿ ಹೇಳಲು ಸಂಕೋಚವಾಯಿತಂತೆ. ಮನೆ ಬಿಟ್ಟು ಹೆಂಡತಿಯ ತವರಿಗೆ ಹೋಗುತ್ತೇನೆ, ಮುಂಗಡದಲ್ಲಿ ಬಾಕಿ ಹಿಡಿದುಕೊಳ್ಳಿ ಎಂದಿತ್ತು. ತಮ್ಮನಿಗೆ ಓದಿ ಹೇಳಿದೆವು. ಒಪ್ಪಂದದಂತೆ ಮುಂಗಡ ಹಿಡಿದು ಬಿಟ್ಟುಬಿಡಿ, ಬೇರೆಯವರು ಬರುತ್ತಾರೆ ಎಂದನು. ಅವನ ಮಾತು ತಪ್ಪೆಂದು ಹೇಳಲಾರೆವು. ಆದರೆ ಅದು ಜೂನ್ ತಿಂಗಳು. ಆ ಕಾಲದಲ್ಲಿ ಬೇರೆಯವರು ಯಾರೂ ಬರುವಂತಿರಲಿಲ್ಲ. ಮನೆ ಮತ್ತೆ ಒಂದು ಮಳೆಗಾಲ ಒಲೆಯಿಲ್ಲದೆ ಕೂರುತ್ತಿತ್ತು. 2011ರ ಬಾಗಿಲು ನಮ್ಮ ಕಣ್ಣ ಮುಂದೆ ಬಂತು. ಶಾಲೆ ತೆರೆಯುವವರೆಗೆ ಬಾಡಿಗೆ ಬೇಡ, ಮನೆಯಲ್ಲಿ ಇರಿ, ತೆರೆದ ಮೇಲೆ ಸಂಬಳ ಬಂದಂತೆ ಕಂತಿನಲ್ಲಿ ಕೊಡಿ ಎಂದು ಬರೆದು, ಆ ಪತ್ರದ ಪ್ರತಿಯನ್ನು ಕರಾರಿನ ಜೊತೆಗೇ ಇರಿಸಿದೆವು. ತಮ್ಮನು ಮೂರು ತಿಂಗಳು ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಬಾಕಿಯು ಎಂಟು ತಿಂಗಳದಾಯಿತು. 2022ರ ದೀಪಾವಳಿಯ ಹೊತ್ತಿಗೆ ಕೊನೆಯ ಕಂತು ಬಂದಿತು. ಎಲ್ಲ ಬಾಡಿಗೆದಾರರೂ ಹೀಗೆಯೇ ಇರುತ್ತಾರೆಂದು ನಾವು ಹೇಳುವುದಿಲ್ಲ. ನಮ್ಮ ಲೆಕ್ಕ ಬೇರೆಯೇ ಇತ್ತು: ಬಾಕಿ ಬರದಿದ್ದರೂ ಒಂದು ಮಳೆಗಾಲದ ರಿಪೇರಿಗಿಂತ ನಷ್ಟ ಕಡಿಮೆಯೇ.

ಇನ್ನು ಕೆಲವು ಸಣ್ಣ ವಿಷಯಗಳು. ಸಣ್ಣವೆಂದರೂ ದೂರದವರನ್ನು ಹೆಚ್ಚು ಕಾಡುವುವು ಇವೇ. ಕರೆಂಟ್ ಬಿಲ್ಲಿನ ಆರ್.ಆರ್. ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಬಿಲ್ಲು ಕಟ್ಟಿದೆಯೋ ಇಲ್ಲವೋ ಎಂಬುದನ್ನು ಎಲ್ಲಿಂದಲಾದರೂ ನೋಡಬಹುದು. ನಾವು ಪ್ರತಿ ತಿಂಗಳೂ ನೋಡುತ್ತೇವೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಅನುಕೂಲ ಬಾಡಿಗೆದಾರರಿಗೂ ಉಂಟು, ಅವರ ಆಧಾರ್ ಸಂಖ್ಯೆಯನ್ನು ಆ ಮನೆಯ ಸಂಖ್ಯೆಗೆ ಜೋಡಿಸಬೇಕು. ಮನೆ ಬಿಟ್ಟು ಹೋಗುವಾಗ ಆ ಜೋಡಣೆಯನ್ನು ತೆಗೆಸಿ ಹೋಗಬೇಕೆಂದು ಈಗ ಕರಾರಿನಲ್ಲಿಯೇ ಬರೆಸುತ್ತೇವೆ. ಇಲ್ಲದಿದ್ದರೆ ಮುಂದೆ ಬರುವವರು ಕಚೇರಿಗೆ ಅಲೆಯಬೇಕಾಗುತ್ತದೆ. ಪಟ್ಟಣ ಪಂಚಾಯಿತಿಯ ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ನೂರಕ್ಕೆ 5ರಷ್ಟು ರಿಯಾಯಿತಿಯಿದೆ. ಕಟ್ಟಿದ ಆ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30ನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಬಿಡುತ್ತಾರೆ. ನೀವು ರಿಪೇರಿಗೆ ಎಷ್ಟು ಖರ್ಚು ಮಾಡಿದ್ದೀರಿ ಎಂದು ಕೇಳುವುದಿಲ್ಲ. ತಿಂಗಳ ಬಾಡಿಗೆದಾರನನ್ನು ಬಿಡಿಸಲು, ಕರಾರಿನಲ್ಲಿ ಬೇರೆ ಬರೆಯದಿದ್ದರೆ, ಕಾನೂನು 15 ದಿನಗಳ ಲಿಖಿತ ಸೂಚನೆಯನ್ನು ಕೇಳುತ್ತದೆ. ನಾವು ಎರಡು ತಿಂಗಳು ಎಂದು ಬರೆಸಿದ್ದೇವೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯನ್ನು ಹದಿನೈದು ದಿನದಲ್ಲಿ ಕಿತ್ತು ಹೊರಡಿಸುವುದು ನಮ್ಮಿಂದಾಗದು.

ಮುಂಗಡದ ಬಗೆಗೆ ಒಂದು ಮಾತು. ಕೇಂದ್ರ ಸರಕಾರ 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾನೂನು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆನ್ನುತ್ತದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೊಟ್ಟು ರೂಢಿಯಾದ ನಮ್ಮವರು ಊರಿನ ಮನೆಗೂ ಅಷ್ಟೇ ಕೇಳಿ, ಯಾರೂ ಬರಲಿಲ್ಲವೆಂದು ಬೀಗ ಹಾಕುವುದನ್ನು ಕಂಡಿದ್ದೇವೆ. ನಮ್ಮ ಪೇಟೆಗಳಿಗೆ ಬಾಡಿಗೆಗೆ ಬರುವವರು ಉಪಾಧ್ಯಾಯರು, ದಾದಿಯರು, ಬ್ಯಾಂಕಿನ ಗುಮಾಸ್ತರು, ಕೊಪ್ಪದ ಆಯುರ್ವೇದ ಕಾಲೇಜಿನ ಮತ್ತು ಶೃಂಗೇರಿಯ ಸಂಸ್ಕೃತ ವಿದ್ಯಾಪೀಠದ ವಿದ್ಯಾರ್ಥಿಗಳು. ಹತ್ತು ತಿಂಗಳ ಹಣ ಗಂಟುಕಟ್ಟಿ ತರುವವರಲ್ಲ.

ಶೃಂಗೇರಿಯ ಮಾತೇ ಬೇರೆ. ಅಲ್ಲಿ ಯಾತ್ರಿಕರು ವರ್ಷವಿಡೀ ಬರುವುದರಿಂದ ವಾಸದ ಮನೆಯನ್ನು ದಿನದ ಲೆಕ್ಕದಲ್ಲಿ ಕೊಡುವ ಆಸೆ ಸಹಜವಾಗಿ ಹುಟ್ಟುತ್ತದೆ. ನಮಗೆ ಬೇಕಾದ ಕುಟುಂಬವೊಂದರ ಮನೆ ಅಲ್ಲಿದೆ. ಮಗ ಅಮೆರಿಕದಲ್ಲಿ, ತಾಯಿ ಅವನೊಡನೆ. ಸಂಸಾರಕ್ಕೆಂದು ಬಾಡಿಗೆಗೆ ಪಡೆದವರು ಒಳಗೆ ಮಂಚಗಳನ್ನು ಹಾಕಿ ಯಾತ್ರಿಕರಿಗೆ ಕೊಡತೊಡಗಿದರು. ಒಡೆಯರಿಗೆ ಇದು ತಿಳಿದದ್ದು ಹೇಗೆಂದರೆ, ಅಮೆರಿಕದ ಅವರ ಸ್ನೇಹಿತರೊಬ್ಬರು ಯಾತ್ರೆಗೆ ಬಂದು ಆ ಮನೆಯಲ್ಲಿಯೇ ಇಳಿದುಕೊಂಡರು! ಒಳಬಾಡಿಗೆ ಕೂಡದೆಂಬ ಸಾಲು ಅವರ ಕರಾರಿನಲ್ಲಿ ಇರಲಿಲ್ಲ. ಬಿಡಿಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು. ತುಂಗೆ ಉಕ್ಕಿ ಗಾಂಧಿ ಮೈದಾನಕ್ಕೆ ನೀರು ಬಂದ ವರ್ಷ ಕೆಳಗಿನ ಕೋಣೆಯ ಗೋಡೆ ಶೀತ ಹಿಡಿದಿತ್ತು; ಬಂದು ಹೋಗುವ ಯಾತ್ರಿಕನಿಗೆ ಗೋಡೆಯ ಚಿಂತೆ ಏಕೆ?

ಹೊರದೇಶದಲ್ಲಿರುವವರಿಗೆ ಇನ್ನೂ ಎರಡು ತೊಡಕುಗಳಿವೆಯೆಂದು ಆ ಮಗನಿಂದಲೇ ತಿಳಿದೆವು. ಒಡೆಯನು ಅನಿವಾಸಿಯಾಗಿದ್ದರೆ ಬಾಡಿಗೆಯಲ್ಲಿ ಆದಾಯ ತೆರಿಗೆಯನ್ನು ಹಿಡಿದು ಸರಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರನ ಮೇಲೆ ಬೀಳುತ್ತದೆ; ದರವು ಸಾಮಾನ್ಯವಾಗಿ ನೂರಕ್ಕೆ 31.2. ಒಡೆಯನ ನಿಜವಾದ ತೆರಿಗೆ ಅಷ್ಟಾಗದಿದ್ದರೆ ಕಡಿಮೆ ಹಿಡಿಯಲು ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ಪಡೆಯಬಹುದು. ಬಾಡಿಗೆಯ ಹಣ ಎನ್‌.ಆರ್‌.ಓ. ಖಾತೆಗೆ ಬರಬೇಕು. ಹೊರದೇಶದಲ್ಲಿ ಬರೆದ ಅಧಿಕಾರಪತ್ರ ನಮ್ಮ ದೇಶಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ತಾಯಿಯ ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದ ಪತ್ರದ ಗಡುವು ಮೀರಿಹೋದದ್ದು ಬೇಕಾದಾಗಲೇ ಅವರಿಗೆ ಗೊತ್ತಾಯಿತು.

ಈ ವರ್ಷ ಮೇ ತಿಂಗಳಲ್ಲಿ ನಾವು ಊರಿಗೆ ಹೋದಾಗ ತಮ್ಮನೂ ಪುಣೆಯಿಂದ ಬಂದಿದ್ದನು. ಮಾರೋಣವೆಂಬ ಮಾತು ಅವನ ಬಾಯಲ್ಲಿ ಎರಡು ವರ್ಷದಿಂದ ಇದೆ. ಅವನ ಲೆಕ್ಕವೂ ಸರಿಯೇ. ಬಾಡಿಗೆಯಲ್ಲಿ ರಿಪೇರಿ, ತೆರಿಗೆ, ನಮ್ಮ ಬಸ್ಸಿನ ಖರ್ಚು ಕಳೆದು ಮೂರು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಉಳಿಯುವುದು ಪುಣೆಯಲ್ಲಿ ಅವನ ಮೊಮ್ಮಗನ ಶಾಲೆಯ ಬಸ್ಸಿನ ಶುಲ್ಕಕ್ಕೂ ಸಾಲದು. "ಅಣ್ಣಾ, ನಿನಗೆ ಅರವತ್ತೇಳು. ಇನ್ನೆಷ್ಟು ವರ್ಷ ಬಸ್ಸು ಬದಲಿಸುತ್ತಾ ಬರುತ್ತೀ?" ಎಂದು ಕೇಳಿದನು. ತಂಗಿ ನಡುವೆ ಬಾಯಿ ಹಾಕಿ, "ನಾನು ಕೊಪ್ಪದಲ್ಲಿದ್ದೇನಲ್ಲ, ನಾನು ಬರುತ್ತೇನೆ" ಎಂದಳು. ಅವಳಿಗೂ ಮೊಣಕಾಲು ನೋವು.

ಮೇಷ್ಟರ ಹೆಂಡತಿ ಒಳಗಿನಿಂದ ಕಾಫಿ ತಂದಿಟ್ಟರು. ನಮ್ಮ ತಾಯಿಯವರು ಹಾಲು ಕಾಯಿಸುತ್ತಿದ್ದ ಮೂಲೆಯಲ್ಲಿ ಅವರ ಒಲೆಯಿತ್ತು. ತಮ್ಮನು ಅತ್ತ ನೋಡಿದ್ದನ್ನು ನಾವು ಗಮನಿಸಿದೆವು. ಮಾತು ಅಲ್ಲಿಗೆ ನಿಂತಿತು, ತೀರ್ಮಾನವೇನೂ ಆಗಲಿಲ್ಲ. ಈ ಸಲದ ಕರಾರಿನಲ್ಲಿ ಮೇಷ್ಟರು ತಾವಾಗಿ 500 ರೂಪಾಯಿ ಏರಿಸಿದರು. ನಾವು ಮಳೆಗಾಲದ ಖರ್ಚಿನ ಮಿತಿಯನ್ನು 5,000ದಿಂದ 8,000ಕ್ಕೆ ಏರಿಸಿದೆವು. ಹೆಂಚಿನ ಬೆಲೆ ಏರಿದೆಯಲ್ಲ. ಮರುದಿನ ಬೆಳಿಗ್ಗೆ ಕೆಲಸದವರು ಬಂದು ಏಣಿ ಇಟ್ಟರು. ತಮ್ಮನು ಪಂಚೆ ಎತ್ತಿ ಕಟ್ಟಿ ಅಂಗಳದಲ್ಲಿ ನಿಂತು, ಮೇಲಿಂದ ಇಳಿಸಿದ ಹೆಂಚುಗಳಲ್ಲಿ ಗಟ್ಟಿಯವನ್ನೂ ಬಿರಿದವನ್ನೂ ಬೆರಳಿನಿಂದ ಕುಟ್ಟಿ ಕುಟ್ಟಿ ಬೇರೆಮಾಡಿದನು. ಬಿರಿದವು ಅರವತ್ತೆರಡು. ಹೊಸದಾಗಿ ನೂರು ತರಿಸಿ, ಉಳಿದ ಮೂವತ್ತೆಂಟನ್ನು ಅಟ್ಟದ ಮೇಲೆ ಜೋಡಿಸಿಟ್ಟು ಬಂದಿದ್ದೇವೆ.